ಹಿರಿಯರ ಡೆಲಿರಿಯಂ ಮತ್ತು ವಿಟಮಿನ್ ಡಿ: ನಾನು ಅನುಸರಿಸುವ ಕ್ರಮ

ಡೆಲಿರಿಯಂ ಎಂದರೆ ಕಾಯಿಲೆ ಅಥವಾ ಆಪರೇಷನ್ನಿನ ಹೊತ್ತಿನಲ್ಲಿ ದಿಢೀರನೆ ಬರುವ ಗೊಂದಲ, ಗಮನ ತಪ್ಪುವ ಸ್ಥಿತಿ. ಎಪ್ಪತ್ತು ದಾಟಿದವರಿಗೆ ಸೊಂಟದ್ದೋ ಮಂಡಿಯದ್ದೋ ಆಪರೇಷನ್ ನಿಗದಿಯಾದರೆ ನಾನು ವಿಟಮಿನ್ ಡಿ ನೋಡುವುದು ಎರಡು ಮೂರು ತಿಂಗಳು ಮುಂಚೆ. ಅಡ್ಮಿಟ್ ಆದ ಮೇಲೆ ನೋಡಿ ಹೆಚ್ಚು ಪ್ರಯೋಜನವಿಲ್ಲ. ಸೋಂಕು, ಉರಿಯೂತ, ಆಪರೇಷನ್ನಿನ ಪೆಟ್ಟು ಇದ್ದಾಗ ರಕ್ತದಲ್ಲಿ ಅದರ ಮಟ್ಟ ತಾನಾಗಿಯೇ ಇಳಿಯುತ್ತದೆ. ಡ್ರಿಪ್ ಹೆಚ್ಚು ಹೋಗಿದ್ದರೆ ಇನ್ನಷ್ಟು. ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಏರಿರುವ ದಿನ ಬಂದ ಅಂಕಿಯನ್ನು ನಂಬಿ ಡೋಸ್ ಬರೆಯುವುದಿಲ್ಲ.

ಬರೆಯಬೇಕಾದ ಪರೀಕ್ಷೆ 25-ಹೈಡ್ರಾಕ್ಸಿ ವಿಟಮಿನ್ ಡಿ, ದೇಹದಲ್ಲಿ ಡಿ ಎಷ್ಟು ದಾಸ್ತಾನಿದೆ ಎಂದು ತೋರಿಸುವ ರೂಪ. 1,25-ಡೈಹೈಡ್ರಾಕ್ಸಿ ಎಂದು ಬರೆದರೆ ದುಡ್ಡು ದಂಡ: ಕೊರತೆಯಿದ್ದಾಗ ಕ್ಯಾಲ್ಸಿಯಂ ನಿಯಂತ್ರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಏರಿ, ಈ 1,25 ರೂಪದ ಮಟ್ಟ ಸರಿಯಾಗಿಯೇ ಇದ್ದಂತೆ ತೋರಬಹುದು. ರಿಪೋರ್ಟಿನಲ್ಲಿ ಅಳತೆಯನ್ನೂ ನೋಡಬೇಕು. ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಎಂಬುದನ್ನು 2.5ರಿಂದ ಗುಣಿಸಿದರೆ ಲೀಟರಿಗೆ ಇಷ್ಟು ನ್ಯಾನೊಮೋಲ್ ಎಂದಾಗುತ್ತದೆ. 20 ಎಂಬ ಅಂಕಿ ಮೊದಲನೆಯದರಲ್ಲಿ ಗಡಿರೇಖೆ, ಎರಡನೆಯದರಲ್ಲಿ ತೀವ್ರ ಕೊರತೆ.

ಬ್ರಿಟನ್ನಿನ ದೊಡ್ಡ ಆರೋಗ್ಯ ಮಾಹಿತಿ ಸಂಗ್ರಹವಾದ ಯುಕೆ ಬಯೋಬ್ಯಾಂಕ್‌ನ ಹಿರಿಯರ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊರತೆ ಇದ್ದವರಿಗೆ ಡೆಲಿರಿಯಂ ಹೆಚ್ಚು ಕಂಡಿತ್ತು. ವಂಶವಾಹಿ ಆಧಾರದ ಲೆಕ್ಕವೂ ಅದೇ ದಿಕ್ಕು ತೋರಿಸಿತು. ಹಾಗೆಂದು ಮಾತ್ರೆ ನುಂಗಿದರೆ ಡೆಲಿರಿಯಂ ಬರುವುದಿಲ್ಲ ಎಂದು ನಾನು ಯಾವ ಮನೆಯವರಿಗೂ ಮಾತು ಕೊಡುವುದಿಲ್ಲ. ಹೊರಗೆ ಓಡಾಡದ, ಸರಿಯಾಗಿ ಉಣ್ಣದ, ಸ್ನಾಯು ಸೋತ ದೇಹದಲ್ಲಿ ಡಿ ಕಡಿಮೆಯೇ ಇರುತ್ತದೆ, ಡೆಲಿರಿಯಂ ಕಾಡುವುದೂ ಅಂಥವರನ್ನೇ. ಕೊರತೆ ತುಂಬುವುದು ಮೂಳೆ ಮತ್ತು ಸ್ನಾಯುವಿಗಾಗಿ. ಮೆದುಳಿಗೂ ಲಾಭವಾದರೆ ಒಳ್ಳೆಯದೇ.

ಮೊದಲ ಗುಳಿಗೆಗೂ ಮುಂಚೆ ಕ್ಯಾಲ್ಸಿಯಂ, ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ನೋಡುತ್ತೇನೆ. ಹಿರಿಯರಲ್ಲಿ ಆಲ್ಬುಮಿನ್ ಕಡಿಮೆಯಿರುವುದು ಸಾಮಾನ್ಯ, ಆದ್ದರಿಂದ ಕ್ಯಾಲ್ಸಿಯಂ ತಿದ್ದಿ ಓದಬೇಕು: 4ರಲ್ಲಿ ಆಲ್ಬುಮಿನ್ ಕಳೆದು, 0.8ರಿಂದ ಗುಣಿಸಿ, ಬಂದ ಕ್ಯಾಲ್ಸಿಯಂ ಅಂಕಿಗೆ ಕೂಡಿಸುವುದು. ಆಲ್ಬುಮಿನ್ 2.5 ಇದ್ದು ಕ್ಯಾಲ್ಸಿಯಂ 10 ಎಂದಿದ್ದರೆ ನಿಜಕ್ಕೂ ಅದು 11.2, ಅಂದರೆ ಹೆಚ್ಚು. ಅಂಥವರಿಗೆ ಡಿ ಕೊಡದೆ ಮೊದಲು ಪ್ಯಾರಾಥೈರಾಯ್ಡ್ ಪರೀಕ್ಷೆ ಮಾಡಿಸುತ್ತೇನೆ, ಕ್ಯಾಲ್ಸಿಯಂ ಏರಿಸಬಲ್ಲ ಥಯಾಜೈಡ್ ಎಂಬ ಬಿಪಿ ಮಾತ್ರೆ ಇದೆಯೇ ಎಂದು ವಿಚಾರಿಸುತ್ತೇನೆ.

12 ನ್ಯಾನೊಗ್ರಾಮಿಗಿಂತ ಕೆಳಗಿದ್ದರೆ ವಾರಕ್ಕೊಮ್ಮೆ 50,000 ಅಥವಾ 60,000 ಯೂನಿಟ್, ಎಂಟು ವಾರ. ಆಮೇಲೆ ದಿನಕ್ಕೆ 1,000. 12ರಿಂದ 20ರೊಳಗಿದ್ದರೆ ಮೊದಲಿನಿಂದಲೇ ದಿನಕ್ಕೆ 1,000ದಿಂದ 2,000. ಜಿಡ್ಡಿರುವ ಊಟದ ಜೊತೆ. ಒಂದೇ ಸಲ ಲಕ್ಷಗಟ್ಟಲೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. 2010ರಲ್ಲಿ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 70 ಮೀರಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟಾಗ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತು. ಬಿದ್ದರೆ ಸೊಂಟ ಮುರಿತ, ಆಪರೇಷನ್, ಅದರ ಬೆನ್ನಿಗೇ ಡೆಲಿರಿಯಂ!

ಅತಿ ಹೆಚ್ಚು ಎಡವಟ್ಟಾಗುವುದು ವಾರದ ಗುಳಿಗೆಯನ್ನು ದಿನವೂ ನುಂಗಿದಾಗ. ಕ್ಯಾಲ್ಸಿಯಂ 12 ದಾಟುವ ಹೊತ್ತಿಗೆ ಮಲಬದ್ಧತೆ, ವಿಪರೀತ ದಾಹ, ಪದೇ ಪದೇ ಮೂತ್ರ, ಕೊನೆಗೆ ಮಂಪರು ಮತ್ತು ಗೊಂದಲ. ಅಂದರೆ ಔಷಧಿಯೇ ಡೆಲಿರಿಯಂ ತಂದಿಟ್ಟಂತೆ. ಹಾಗಾಗಿ ಚೀಟಿಯಲ್ಲಿ 'ಭಾನುವಾರ ಮಾತ್ರ' ಎಂದು ಬರೆಯುತ್ತೇನೆ, ಗೊಂದಲದಲ್ಲಿ ಬಂದವರ ಮನೆಯವರಿಂದ ಖಾಲಿ ಸ್ಟ್ರಿಪ್‌ಗಳನ್ನು ತರಿಸಿ ಎಣಿಸುತ್ತೇನೆ.

ಆಪರೇಷನ್ನಿಗೆ ಮುಂಚೆ 4ಎಟಿ ಎಂಬ, ಡೆಲಿರಿಯಂ ಪತ್ತೆಯ ಚಿಕ್ಕ ಪರೀಕ್ಷೆ ಮಾಡಿ ಬರೆದಿಟ್ಟುಕೊಳ್ಳುವುದು, ನಂತರ ದಿನಕ್ಕೆರಡು ಸಲ, ಏಕೆಂದರೆ ಡೆಲಿರಿಯಂ ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳಿಸಿದಾಗ ಗಮನ ನಿಲ್ಲದವರು 'ಡಿಸೆಂಬರ್, ನವೆಂಬರ್, ಅಕ್ಟೋಬರ್' ಎಂದು ತಡೆದು, 'ನವೆಂಬರ್, ಡಿಸೆಂಬರ್' ಎಂದು ಮುಂದಕ್ಕೆ ತಿರುಗಿಬಿಡುತ್ತಾರೆ. ಏಳು ತಿಂಗಳು ಸರಿಯಾಗಿ ಬಂದರೆ ಸೊನ್ನೆ ಅಂಕ. ಒಟ್ಟು 4 ಅಥವಾ ಹೆಚ್ಚು ಬಂದರೆ ಡೆಲಿರಿಯಂ ಎಂದೇ ಹುಡುಕಾಟ ಶುರು. ಸುಮ್ಮನೆ ಮಲಗಿ, ಕರೆದರೆ ಮಾತ್ರ ಕಣ್ಣು ಬಿಡುವವರನ್ನು 'ಸುಸ್ತು' ಎಂದು ಬಿಡಬಾರದು, ತಪ್ಪಿಹೋಗುವುದು ಅವರೇ.

ಆಗ ಡಿ ಅಂಕಿ ಹಿಡಿದು ಕೂರುವುದಿಲ್ಲ. ಮೂತ್ರ ಕಟ್ಟಿದೆಯೇ, ಮಲ ಕಟ್ಟಿದೆಯೇ, ನೋವು ತಗ್ಗಿದೆಯೇ, ಆಕ್ಸಿಜನ್, ಸೋಡಿಯಂ, ಸಕ್ಕರೆ, ಸೋಂಕು. ಔಷಧಿ ಪಟ್ಟಿಯಲ್ಲಿ ಅಮಿಟ್ರಿಪ್ಟಿಲಿನ್, ಆಕ್ಸಿಬ್ಯುಟಿನಿನ್, ನೆಗಡಿಯ ಕ್ಲೋರ್‌ಫೆನಿರಮಿನ್‌ನಂಥ ಗೊಂದಲ ಹೆಚ್ಚಿಸುವ ಮಾತ್ರೆಗಳಿದ್ದರೆ ಮೊದಲು ಅವಕ್ಕೆ ಕತ್ತರಿ. ಕನ್ನಡಕ, ಕಿವಿಯ ಯಂತ್ರ ಬೀರುವಿನಲ್ಲಿದ್ದರೆ ಹೊರಗೆ ತೆಗೆಸಿ ಹಾಕಿಸುವುದು.

ಡಿ ಮರುಪರೀಕ್ಷೆ ಮೂರು ತಿಂಗಳಿಗೆ. ಅದರ ಅರ್ಧಾಯುಷ್ಯ ಎರಡು ಮೂರು ವಾರ. ಬೇಗ ನೋಡಿದರೆ ಮಟ್ಟ ಇನ್ನೂ ಏರುತ್ತಲೇ ಇರುತ್ತದೆ. ಆಗಲೂ ಏರದಿದ್ದರೆ ಮೊದಲ ಅನುಮಾನ ಗುಳಿಗೆ ಬಾಯಿಗೆ ಹೋಗುತ್ತಿದೆಯೇ ಎಂಬುದರ ಮೇಲೆ, ನಂತರ ಫೆನಿಟಾಯಿನ್‌ನಂಥ ಫಿಟ್ಸ್ ಮಾತ್ರೆಗಳು, ಕರುಳಿನ ತೊಂದರೆ, ಬೊಜ್ಜು.