ನೀರೊಳಗಿನ ಫೋಟೋಗೆ ಡೈವಿಂಗ್ ಜಾಗ ಆರಿಸುವುದು ಹೇಗೆ?

ಮೊದಲು ನಿಮ್ಮ ಲೆನ್ಸ್ ನೋಡಿ, ಭೂಪಟ ಆಮೇಲೆ. ಮ್ಯಾಕ್ರೋ, ಅಂದರೆ ಚಿಕ್ಕ ಜೀವಿಗಳನ್ನು ಹತ್ತಿರದಿಂದ ತೆಗೆಯುವುದು, ಇಷ್ಟವಾದರೆ ಇಂಡೋನೇಷ್ಯಾದ ಲೆಂಬೆ ಜಲಸಂಧಿ ಅಥವಾ ಫಿಲಿಪೀನ್ಸ್‌ನ ಅನಿಲಾವೊ. ಲೆಂಬೆಯ ತಳ ನೋಡಿದರೆ ಮೊದಲಿಗೆ ಬೇಜಾರಾಗುತ್ತದೆ, ಬರೀ ಕಪ್ಪು ಮರಳು, ಆದರೆ ಅಲ್ಲೇ ಫ್ರಾಗ್‌ಫಿಶ್, ಮಿಮಿಕ್ ಆಕ್ಟೋಪಸ್, ಉಗುರಿನಷ್ಟು ಚಿಕ್ಕ ನುಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು) ಎಲ್ಲ ಸಿಗುತ್ತವೆ, ಹತ್ತಿರದಿಂದ ತೆಗೆಯುವುದರಿಂದ ನೀರು ಸ್ವಲ್ಪ ಕದಡಿದ್ದರೂ ಚಿತ್ರ ಕೆಡುವುದಿಲ್ಲ.

ಅಗಲವಾದ ನೋಟ ಹಿಡಿಯುವ ವೈಡ್ ಆಂಗಲ್ ಲೆನ್ಸ್‌ನ ಲೆಕ್ಕವೇ ಬೇರೆ. ತಿಳಿನೀರು ಬೇಕೇ ಬೇಕು. ಹವಳಕ್ಕೆ, ಮೀನಿನ ಹಿಂಡಿಗೆ ಇಂಡೋನೇಷ್ಯಾದ ರಾಜಾ ಅಂಪಟ್ ಒಳ್ಳೆಯದು, ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಹೋಗಿ. ಅದೇ ದೇಶದ ಕೊಮೊಡೊದಲ್ಲಿ ನೀರಿನ ಸೆಳೆತ ಜಾಸ್ತಿ; ಕ್ಯಾಮೆರಾ ಹಿಡಿದುಕೊಂಡೇ ತೇಲುವಿಕೆ ಸಂಭಾಳಿಸಲು ಬಾರದವರು ಸುಮ್ನೆ ಅಲ್ಲಿಗೆ ಹೋಗಬೇಡಿ.

ಮಾಂಟಾ ರೇ (ದೊಡ್ಡ ಚಪ್ಪಟೆ ಮೀನು) ಬೇಕು, ತಿಳಿನೀರೂ ಬೇಕು ಅಂದರೆ ಕಷ್ಟ. ಅವು ಬರುವುದೇ ಪ್ಲಾಂಕ್ಟನ್ ಎಂಬ ತೇಲುವ ಪುಟ್ಟ ಜೀವಿಗಳನ್ನು ತಿನ್ನಲು, ನೀರು ಮಬ್ಬಾಗುವುದೂ ಅದರಿಂದಲೇ ಅಲ್ವಾ? ಮಾಲ್ಡೀವ್ಸ್‌ನ ಹನಿಫಾರು ಕೊಲ್ಲಿಗೆ ಅವು ಮೇನಿಂದ ನವೆಂಬರ್‌ವರೆಗೆ ಬರುತ್ತವೆ, ಆದರೆ ಅಲ್ಲಿ ಗಾಳಿಯ ಟ್ಯಾಂಕ್ ಹೊತ್ತು ಮುಳುಗುವ ಸ್ಕೂಬಾ ನಿಷೇಧ, ಕೊಳವೆಯಲ್ಲಿ ಉಸಿರಾಡುತ್ತಾ ಈಜುವ ಸ್ನಾರ್ಕೆಲ್ ಮಾತ್ರ. ಇದು ಗೊತ್ತಿಲ್ಲದೆ ಟ್ಯಾಂಕ್‌ನ ಕನಸು ಕಾಣಬೇಡಿ.

ನನ್ನ ಪ್ರಕಾರ ಜಾಗದಷ್ಟೇ ಮುಖ್ಯ ದೋಣಿಯವರು. ಒಬ್ಬ ಗೈಡ್‌ಗೆ ಎಷ್ಟು ಜನ, ಕ್ಯಾಮೆರಾ ತೊಳೆಯಲು ಬೇರೆ ಸಿಹಿನೀರಿನ ತೊಟ್ಟಿ ಇದೆಯಾ, ಒಂದೇ ಮೀನಿನ ಮುಂದೆ ಇಪ್ಪತ್ತು ನಿಮಿಷ ನಿಲ್ಲಲು ಬಿಡುತ್ತಾರಾ ಎಂದು ಮೊದಲೇ ಕೇಳಿ. ಯಾರ ಅವಸರವೂ ಬೇಡವೆಂದರೆ ಕೆರಿಬಿಯನ್‌ನ ಬೊನೇರ್‌ಗೆ ಹೋಗಿ, ದಡದಿಂದಲೇ ನೀರಿಗಿಳಿಯಬಹುದು.

ವಾಪಸ್ ವಿಮಾನದ ಟಿಕೆಟ್ ಮಾಡುವಾಗ ಕೊನೆಯ ಡೈವ್ ಆದಮೇಲೆ ಕನಿಷ್ಠ 18 ಗಂಟೆ ಬಿಡಿ.