ರೆಡಿಂಗ್ ಊರಿನಲ್ಲಿ ನಮ್ಮ ಮೊದಲ ಕ್ರಿಸ್ಮಸ್

ತುಮಕೂರಿನ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಬೆಳಗಿನ ಆರಾಧನೆ ಮುಗಿಸಿ ಬಂದ ಕೂಡಲೇ ನನಗೂ ತಮ್ಮನಿಗೂ ಒಂದು ಕೆಲಸ ಕಾದಿರುತ್ತಿತ್ತು. ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ ತುಂಬಿದ ತಟ್ಟೆಗಳಿಗೆ ಬಟ್ಟೆ ಮುಚ್ಚಿ ಬೀದಿಯ ಮನೆಮನೆಗೂ ಕೊಟ್ಟು ಬರಬೇಕು. ಯುಗಾದಿಗೆ ಒಬ್ಬಟ್ಟು, ರಂಜಾನಿಗೆ ಬಿರಿಯಾನಿ ಕಳಿಸಿದ ಮನೆಗಳಿಗೆ ನಾವು ಸಲ್ಲಿಸುವ ಬಾಕಿ ಅದು. ಗಂಡನ ಕೆಲಸದ ನಿಮಿತ್ತ ಮೂರು ವರ್ಷದ ಮಗಳೊಂದಿಗೆ ಇಂಗ್ಲೆಂಡಿನ ರೆಡಿಂಗ್ ಊರಿಗೆ ಹೋದ ವರ್ಷ, ಹಬ್ಬವೆಂದರೆ ನನಗೆ ಈ ತಟ್ಟೆಗಳೇ ಎಂಬುದು ಸ್ಪಷ್ಟವಾಯಿತು. ಅದೊಂದನ್ನಾದರೂ ಅಲ್ಲಿ ನಡೆಸಬೇಕೆಂದು ಡಿಸೆಂಬರ್ ಮೊದಲ ವಾರದಲ್ಲೇ ನಿಶ್ಚಯಿಸಿದೆ.

ಮೊದಲು ತಿಳಿದುಕೊಳ್ಳಬೇಕಾದದ್ದು ಆ ದಿನದ ಸ್ವಭಾವವನ್ನು. ನಮ್ಮಲ್ಲಿ ಹಬ್ಬದ ದಿನ ಬಿ.ಹೆಚ್. ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿ ಡಿಸೆಂಬರ್ 25ರಂದು ರೈಲುಗಳೇ ಓಡುವುದಿಲ್ಲ, ನಮ್ಮ ಬಡಾವಣೆಯ ಬಸ್ಸೂ ಇರಲಿಲ್ಲ. 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಅಂದು ತೆರೆಯಬಾರದೆಂದು 2004ರಲ್ಲಿ ಮಾಡಿದ ಕಾನೂನೇ ಇದೆ. ನಮ್ಮ ಬಳಿ ಕಾರು ಇರಲಿಲ್ಲವಾದ್ದರಿಂದ ಹಾಲು, ತರಕಾರಿ, ಮಗುವಿನ ಜ್ವರದ ಔಷಧಿ ಎಲ್ಲವನ್ನೂ 23ರಂದೇ ತಂದಿಟ್ಟೆವು. ಚಿಕ್ಕ ಮಕ್ಕಳಿರುವವರು ಆ ಔಷಧಿಯನ್ನು ಮಾತ್ರ ಮರೆಯಬಾರದು.

ಕಜ್ಜಾಯಕ್ಕೆ ಐದು ದಿನ ಹಿಡಿಯಿತು. ಅಕ್ಕಿಯನ್ನು ಎರಡು ದಿನ ನೆನೆಸಿ, ದಿನವೂ ನೀರು ಬದಲಿಸಿ, ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ, ಕೈಗೆ ಇನ್ನೂ ತೇವ ತಗಲುವಾಗಲೇ ಹಿಟ್ಟು ಮಾಡಬೇಕು. ಮನೆ ಬೆಚ್ಚಗಿಡುವ ರೇಡಿಯೇಟರಿನ ಪಕ್ಕದಲ್ಲಿ ಹರಡಿದ್ದು ನನ್ನ ತಪ್ಪು. ಒಂದು ಗಂಟೆಯೊಳಗೆ ಅಕ್ಕಿ ಗರಿಗರಿಯಾಗಿ ಒಣಗಿ, ಮಿಕ್ಸಿಯಲ್ಲಿ ಹಿಟ್ಟು ರವೆಯಂತಾಯಿತು. ಅದನ್ನು ದೋಸೆಗೆ ತೆಗೆದಿಟ್ಟು ಮತ್ತೆ ಅಕ್ಕಿ ನೆನೆಸಿದೆ. ಎರಡನೆಯ ಸಲ ತಣ್ಣನೆಯ ಕೋಣೆಯಲ್ಲಿ ಹರಡಿದಾಗ ಹಿಟ್ಟು ಮುಷ್ಟಿಯಲ್ಲಿ ಹಿಡಿದರೆ ನಿಲ್ಲುವಷ್ಟು ಹದವಾಗಿ ಬಂತು. ಬೆಲ್ಲದ ಪಾಕ ಕಾಯಿಸುವಾಗ ಅಮ್ಮ ವಿಡಿಯೋ ಕರೆಯಲ್ಲಿದ್ದರು. ಭಾರತದ ಗಡಿಯಾರ ಚಳಿಗಾಲದಲ್ಲಿ ಅಲ್ಲಿಗಿಂತ ಐದೂವರೆ ಗಂಟೆ ಮುಂದಿರುವುದರಿಂದ ತುಮಕೂರಿನಲ್ಲಿ ಆಗ ರಾತ್ರಿ ಹತ್ತು ದಾಟಿತ್ತು. ತಟ್ಟೆಯ ನೀರಿಗೆ ಬಿಟ್ಟ ಹನಿ ಬೆರಳಲ್ಲಿ ಮೆತ್ತಗೆ ಉಂಡೆಯಾದದ್ದನ್ನು ನೋಡಿ, "ಸಾಕು ಕಣೇ, ಇಳಿಸಿಬಿಡು, ಇನ್ನು ಬಿಟ್ಟರೆ ಕಲ್ಲಾಗುತ್ತೆ" ಎಂದರು. ಹಿಟ್ಟು, ಎಳ್ಳು, ಗಸಗಸೆ, ಏಲಕ್ಕಿ ಬೆರೆಸಿ ಒಂದು ದಿನ ಇಟ್ಟು, ಕಿಟಕಿ ತೆರೆದು, ಒಂದೊಂದಾಗಿ ಸಣ್ಣ ಉರಿಯಲ್ಲಿ ಕರಿದೆ. ಕರ್ಜಿಕಾಯಿಗೆ ಅತ್ತೆ ಕಟ್ಟಿಕೊಟ್ಟಿದ್ದ ತಿಪಟೂರಿನ ಕೊಬ್ಬರಿ ಇತ್ತು.

ಕೊಡುವುದು ಯಾವಾಗ ಎಂಬುದು ನಿಜವಾದ ಪ್ರಶ್ನೆಯಾಗಿತ್ತು. 25ರಂದು ಅಲ್ಲಿನವರು ತಮ್ಮ ಮನೆಯವರೊಂದಿಗೆ ಬಾಗಿಲು ಹಾಕಿಕೊಂಡು ಊಟಕ್ಕೆ ಕೂರುತ್ತಾರೆಂದೂ, ಕರೆಯದೆ ಯಾರೂ ಬಾಗಿಲು ತಟ್ಟುವುದಿಲ್ಲವೆಂದೂ ಅಲ್ಲಿನ ಚರ್ಚಿನ ಹಿರಿಯರೊಬ್ಬರು ಹೇಳಿದ್ದರು. ಆದ್ದರಿಂದ 24ರ ಸಂಜೆಯೇ ಆರು ಮನೆಗಳಿಗೆ ಹೋದೆವು. ತಟ್ಟೆಯ ಬದಲು ಮುಚ್ಚಳದ ಡಬ್ಬಿಗಳು. ಪ್ರತಿ ಡಬ್ಬಿಯ ಮೇಲೂ ಒಳಗೆ ಎಳ್ಳು, ಗೋಧಿ, ತುಪ್ಪ ಇವೆಯೆಂದು ಬರೆದ ಚೀಟಿ. ಎಳ್ಳು ಆಗದವರು ಅಲ್ಲಿ ಹಲವರಿದ್ದಾರೆ. ಅಲ್ಲಿನ ಅಂಗಡಿಗಳು ಕಡ್ಡಾಯವಾಗಿ ತಿಳಿಸಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ಎಳ್ಳೂ ಒಂದು. ಮಗಳೇ ಕರೆಗಂಟೆ ಒತ್ತಿ ಡಬ್ಬಿ ಕೊಟ್ಟಳು. ಒಂದು ಮನೆಯಲ್ಲಿ ಎಷ್ಟು ಹಣವೆಂದು ಕೇಳಿದರು. ಇದು ನಮ್ಮೂರಿನ ಹಬ್ಬದ ಪದ್ಧತಿಯೆಂದು ನನ್ನ ಗಂಡ ವಿವರಿಸಿದಾಗ ಅವರ ಮುಖ ಅರಳಿದ್ದು ಇಂದಿಗೂ ಕಣ್ಣ ಮುಂದಿದೆ.

ಮರುದಿನ ಬೆಳಿಗ್ಗೆ ಎಂಟು ಕಳೆದ ಮೇಲೆ ಸೂರ್ಯ ಹುಟ್ಟಿದ. ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿ, ನಲವತ್ತು ನಿಮಿಷ ನಡೆದು ಮೆಥೋಡಿಸ್ಟ್ ಚರ್ಚಿಗೆ ಹೋದೆವು. ಅದನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು: ತುಮಕೂರಿನಲ್ಲಿ ನನ್ನ ಅಜ್ಜಿ ಓದಿದ ಶಾಲೆಯನ್ನೂ ನಮ್ಮ ಸಭೆಯನ್ನೂ ಕಟ್ಟಿದ್ದು ಇಂಗ್ಲೆಂಡಿನ ಮೆಥೋಡಿಸ್ಟರದೇ ಆದ ವೆಸ್ಲಿಯನ್ ಮಿಷನ್, ಅದೇ ಸಭೆ 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ (ಸಿ.ಎಸ್.ಐ.) ಸೇರಿತು. ಆರಾಧನೆಗೆ ಮೂವತ್ತು ಜನರೂ ಇರಲಿಲ್ಲ, ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ನಮ್ಮಲ್ಲಿ ಹೊರಗೆ ನಿಂತು ಕೇಳುವಷ್ಟು ಜನ ಸೇರುವುದನ್ನು ನೆನೆದು ಮನಸ್ಸು ಭಾರವಾದದ್ದು ನಿಜ. ಆದರೆ ಕೀರ್ತನೆಗಳ ರಾಗಗಳು ನಾವು ಬಲ್ಲವೇ ಆಗಿದ್ದವು, ಮಗಳು ಕನ್ನಡದಲ್ಲೇ ಗಟ್ಟಿಯಾಗಿ ಹಾಡಿದಳು, ಯಾರೂ ತಿರುಗಿ ಗದರಲಿಲ್ಲ.

ಮಧ್ಯಾಹ್ನ ಕೋಳಿ ಬಿರಿಯಾನಿ ಮಾಡಿದೆ. ನಾಲ್ಕಕ್ಕೆಲ್ಲ ಕತ್ತಲಾಯಿತು.

26 ಅಲ್ಲಿ ಬಾಕ್ಸಿಂಗ್ ಡೇ ಎಂಬ ರಜೆ. ಪಕ್ಕದ ಮನೆಯ ವಯಸ್ಸಾದ ಮಹಿಳೆಯೊಬ್ಬರು ತೊಳೆದ ಡಬ್ಬಿ ಹಿಡಿದು ಬಂದು, ಕಜ್ಜಾಯ ಮಾಡುವ ವಿಧಾನವನ್ನು ಬರೆದುಕೊಳ್ಳಲು ಕುಳಿತರು. ಅಕ್ಕಿ ನೆನೆಯುವುದಕ್ಕೇ ಎರಡು ದಿನ ಬೇಕೆಂದಾಗ ಪೆನ್ನು ಕೆಳಗಿಟ್ಟು, ಮುಂದಿನ ಸಲ ಮಾಡುವಾಗ ತಮ್ಮನ್ನೂ ಕರೆಯಬೇಕೆಂದರು. ಕಳೆದ ಡಿಸೆಂಬರಿನಲ್ಲಿ ನಮ್ಮ ಅಡುಗೆಮನೆಯಲ್ಲಿ ನಿಂತು ಎಳ್ಳು ಹುರಿದುಕೊಟ್ಟವರು ಅವರೇ.