ಕಾಲು ಊರದೆ ಎಂಟು ಹಾಕಿದ್ದು

ಹತ್ತು ವರ್ಷದಿಂದ ಆಕ್ಟಿವಾ ಓಡಿಸುತ್ತಿದ್ದೇನೆ, ಗೇರ್ ಗಾಡಿಯಲ್ಲಿ ಎಂಟು ಹಾಕೋದೇನು ಮಹಾ ಅಂದುಕೊಂಡಿದ್ದೆ. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಸಿಕ್ಕಿ 30 ದಿನ ಆಗುತ್ತಲೇ ತಮ್ಮನ ಹಳೇ ಸ್ಪ್ಲೆಂಡರ್ ಬೈಕ್ ತಗೊಂಡು ಡ್ರೈವಿಂಗ್ ಟೆಸ್ಟಿಗೆ ಹೋದೆ. ಮೊದಲ ತಿರುವೇ ದಾಟಲಿಲ್ಲ. ಗಾಡಿ ವಾಲಿತು ಅನ್ನಿಸಿದ ಕೂಡಲೇ ರೇಸ್ ಬಿಟ್ಟೆ, ಮುಂದಿನ ಬ್ರೇಕ್ ಒತ್ತಿದೆ, ಎಡಗಾಲು ನೆಲಕ್ಕೆ. "ಕಾಲು ಊರಿದ್ರಿ ಮೇಡಂ, 7 ದಿನ ಬಿಟ್ಟು ಬನ್ನಿ" ಅಂದರು ಇನ್‌ಸ್ಪೆಕ್ಟರ್. ಮೂರು ಸಲ ಫೇಲಾದರೆ 60 ದಿನ ಕಾಯಬೇಕು, ಅದು ಬೇರೆ ತಲೆಯಲ್ಲಿ ಕೊರೆಯುತ್ತಿತ್ತು.

ನಮ್ಮ ಬಡಾವಣೆಯ ಕೊನೆಯಲ್ಲಿ ಇನ್ನೂ ಮನೆ ಕಟ್ಟದ ಸೈಟುಗಳ ಸಾಲಿದೆ. ಬೆಳಿಗ್ಗೆ ಆರಕ್ಕೆ ಅಲ್ಲಿಗೆ ಹೋದೆವು. ತಮ್ಮ ಎಂಟು ಹಾಕೋಕೆ ಬಿಡಲೇ ಇಲ್ಲ. "ಅಕ್ಕಾ, ನಾನು ಮುಂದೆ ನಡೀತೀನಿ, ನೀನು ಹಿಂದೆ ಬಾ, ನನ್ನ ದಾಟಬಾರದು, ಕಾಲೂ ಇಡಬಾರದು" ಅಂದ. ಅಷ್ಟೇ ಪಾಠ. ಇವನು ಬೇಕಂತಲೇ ಮದುವೆಮನೆಯಲ್ಲಿ ಊಟ ಮುಗಿಸಿದವನ ಹಾಗೆ ನಡೆಯುತ್ತಿದ್ದ. ಮಧ್ಯೆ ಫೋನ್ ಬಂತು, ನಿಂತೇಬಿಟ್ಟ. ನಾನು ಅವನ ಬೆನ್ನಿಗೆ ಗುದ್ದೋದು ಒಂದು ಗೇಣಿನಲ್ಲಿ ತಪ್ಪಿತು.

ಆ ನಡಿಗೆಯಲ್ಲೇ ಹಾಫ್ ಕ್ಲಚ್ ಕೈಗೆ ಸಿಕ್ಕಿದ್ದು. ಫಸ್ಟ್ ಗೇರಿನಲ್ಲಿ ಕ್ಲಚ್ ನಿಧಾನಕ್ಕೆ ಬಿಡುತ್ತಾ ಹೋದರೆ ಒಂದು ಕಡೆ ಇಂಜಿನ್ ಸದ್ದು ಕೊಂಚ ತಗ್ಗುತ್ತದೆ, ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳಿದ ಹಾಗಾಗುತ್ತದೆ. ಆ ಜಾಗದಿಂದ ಒಂದು ನೂಲು ಆಚೆ, ಒಂದು ನೂಲು ಈಚೆ, ಅಷ್ಟರಲ್ಲೇ ಬೆರಳು ಆಡಬೇಕು. ರೇಸ್ ಮಾತ್ರ ಸ್ವಲ್ಪ ಕೊಟ್ಟು ಹಾಗೇ ಹಿಡಿದಿರಬೇಕು, ಏರಿಸಿ ಇಳಿಸಿ ಮಾಡಿದರೆ ಗಾಡಿ ಕುಪ್ಪಳಿಸುತ್ತದೆ. ಸ್ಪೀಡ್ ಜಾಸ್ತಿ ಆಯ್ತಾ? ಬಲಗಾಲಿನಲ್ಲಿ ಹಿಂದಿನ ಬ್ರೇಕ್ ಮೆತ್ತಗೆ ಒತ್ತಬೇಕು. ಇಂಜಿನ್ ಎಳೆಯುತ್ತಿರುವಾಗಲೇ ಬ್ರೇಕ್ ಒತ್ತೋದು ಮೊದಲು ತಪ್ಪು ಅನ್ನಿಸಿತ್ತು. ಆದರೆ ಎತ್ತು ಎಳೆಯುತ್ತಿದ್ದರೂ ಹಗ್ಗ ಬಿಗಿಯಾಗಿ ಹಿಡಿದಿರುತ್ತಾರಲ್ವಾ, ಹಾಗೆ. ಗಾಡಿ ಅಲ್ಲಾಡದೆ ನಿಧಾನಕ್ಕೆ ಸಾಗುತ್ತದೆ. ಹ್ಯಾಂಡಲ್ ತಿರುಗಿಸಿರುವಾಗ ಮುಂದಿನ ಬ್ರೇಕ್ ಮುಟ್ಟಲೇಬಾರದು, ಅವತ್ತು ನನ್ನ ಬೀಳಿಸಲು ಹೊರಟಿದ್ದು ಅದೇ. (ಹೊಸ ಗಾಡಿಯವರಿಗೆ ಒಂದು ಮಾತು: 2019ರಿಂದ ಬರುವ 125 ಸಿಸಿ ಒಳಗಿನ ಬೈಕುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಪೆಡಲ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಇನ್ನೂ ಮೆತ್ತಗೆ ಒತ್ತಿ.)

ಮೂರನೇ ದಿನ ತೆಂಗಿನ ಚಿಪ್ಪುಗಳನ್ನು ಎಂಟರ ಆಕಾರಕ್ಕೆ ಇಟ್ಟೆವು. ಒಂದು ಗಂಟೆಯಲ್ಲಿ ಆರು ಚಿಪ್ಪು ಪುಡಿ. ಯಾಕೆ ಅಂತ ಆಮೇಲೆ ಗೊತ್ತಾಯ್ತು, ನಾನು ಚಿಪ್ಪನ್ನೇ ನೋಡುತ್ತಿದ್ದೆ. ಕಣ್ಣು ಎಲ್ಲಿಗೋ ಚಕ್ರ ಅಲ್ಲಿಗೆ. ತಮ್ಮ ವೃತ್ತದ ಆಚೆ ಬದಿಗೆ ಹೋಗಿ ನಿಂತು "ನನ್ನ ಮುಖ ನೋಡು" ಅಂತ ಕೂಗುತ್ತಿದ್ದ, ನಾನು ಕತ್ತು ಪೂರ್ತಿ ತಿರುಗಿಸಿ ಅವನನ್ನೇ ನೋಡಿದಾಗ ಗಾಡಿ ತಾನಾಗಿ ಬಂದು ಸೇರಿತು, ನನಗೇ ನಂಬಿಕೆ ಬರಲಿಲ್ಲ.

ಇನ್ನೊಂದು, ಮೈ. ಹೈವೇಯಲ್ಲಿ ಗಾಡಿ ಜೊತೆ ನಾವೂ ವಾಲುತ್ತೇವೆ. ಇಲ್ಲಿ ಉಲ್ಟಾ. ಗಾಡಿ ಎಡಕ್ಕೆ ವಾಲಿದರೆ ನಾವು ಸೀಟಿನಲ್ಲಿ ಬಲಕ್ಕೆ ಭಾರ ಹಾಕಬೇಕು. ಮಂಡಿ ಟ್ಯಾಂಕಿಗೆ ಒತ್ತಿರಲಿ, ಮೊಣಕೈ ಸಡಿಲ ಇರಲಿ. ಎರಡು ವೃತ್ತ ಕೂಡುವ ಕಡೆ ಭಾರ ಬದಲಿಸಬೇಕಲ್ಲ, ಅಲ್ಲೇ ನನಗೆ ಜಾಸ್ತಿ ಕಷ್ಟ ಆಗಿದ್ದು. ಎರಡು ದಿನ ಸುಮ್ನೆ ಅದೊಂದನ್ನೇ ಮಾಡಿದೆ. ಎಡಗೈ ಎಷ್ಟು ನೋಯುತ್ತಿತ್ತು ಅಂದರೆ ರಾತ್ರಿ ಚಪಾತಿ ಲಟ್ಟಿಸೋಕೂ ಆಗಲಿಲ್ಲ.

ಎರಡನೇ ಟೆಸ್ಟ್ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಎದುರಿಗೆ ತಮ್ಮ ಇರಲಿಲ್ಲ, ಟ್ರ್ಯಾಕಿನ ಆ ಕೊನೆಯಲ್ಲಿ ಒಂದು ಬೇವಿನ ಮರ ಇತ್ತು, ಅದನ್ನೇ ನೋಡಿದೆ. ಕೆಳಗೆ ನೋಡಲಿಲ್ಲ, ಕಾಲು ಊರಲಿಲ್ಲ, ಪಾಸು.

ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಏರಿನಲ್ಲಿ ಯು-ಟರ್ನ್ ತಗೊಳ್ಳೋದು ಮಾತ್ರ ಇನ್ನೂ ಬಂದಿಲ್ಲ. ಮೊನ್ನೆ ಅಮ್ಮನನ್ನು ಇಳಿಸಿ, ಗಾಡಿ ತಿರುಗಿಸಿ, ಮತ್ತೆ ಹತ್ತಿಸಿಕೊಂಡೆ.